ಮುತ್ತಮ್ಮ ಬಿಡದ ಕಣ

ದೊಡ್ಡಬೆಳವಂಗಲದ ಹತ್ತಿರದ ನಮ್ಮೂರಿಗೆ ಇದ್ದದ್ದು ಒಂದೇ ಕಣ. ಊರಾಚೆ ದಿಬ್ಬದ ಮೇಲೆ, ಮಾಕಳಿ ಬೆಟ್ಟದ ಕಡೆಯ ಗಾಳಿ ತಡೆಯಿಲ್ಲದೆ ಬೀಸುವ ಜಾಗ. ಊರಿನವರೆಲ್ಲ ಸರದಿಯ ಮೇಲೆ ರಾಗಿ ಒಕ್ಕಿ ತೂರುತ್ತಿದ್ದದ್ದು ಅಲ್ಲೇ. ನಮ್ಮ ದೊಡ್ಡಮ್ಮ ಮುತ್ತಮ್ಮ, ಗಂಡ ತೀರಿಹೋದ ಮೇಲೆ ತೆನೆಯ ಮೇಲೆ ಉರುಳಿಸುವ ಕಲ್ಲುಗುಂಡಿಗೆ ಎತ್ತು ಕಟ್ಟಿ ಹೊಡೆಯುವುದನ್ನೂ ತಾನೇ ಕಲಿತಳು. ಗಂಡಸರು ನಕ್ಕರೆ, "ಎತ್ತುಗಳೇ ನಗ್ತಿಲ್ಲ, ನಿಮ್ಗೇನ್ರೋ?" ಅನ್ನುತ್ತಿದ್ದಳು.

ನಲವತ್ತಮೂರನೇ ಇಸವಿ. ಯುದ್ಧದ ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿತ್ತು. ದೊಡ್ಡಬಳ್ಳಾಪುರದ ರೇಷ್ಮೆಗೂಡಿನ ವ್ಯಾಪಾರಿ ವೆಂಕಟರಾಮಪ್ಪ ನೂಲು ತೆಗೆಯುವ ಕಾರ್ಖಾನೆ ಕಟ್ಟಲು ನಮ್ಮ ಕಣವನ್ನೇ ಕೇಳಿದ. ಪಟೇಲರು ಒಪ್ಪಿದರು. ದೊಡ್ಡಮ್ಮನ ತಮ್ಮ ಸೊಣ್ಣಪ್ಪನಿಗೆ ಅಲ್ಲಿ ಮೇಸ್ತ್ರಿ ಕೆಲಸ ಕೊಡುವ ಮಾತೂ ಆಯಿತು.

"ಸುಮ್ನಿರಕ್ಕ. ವರ್ಷದಾಗೆ ಹತ್ತು ತಿಂಗ್ಳು ಖಾಲಿ ಬಿದ್ದಿರೋ ಜಾಗ," ಎಂದ ಸೊಣ್ಣಪ್ಪ.

"ನಿನ್ ಹೊಟ್ಟೇನೂ ರಾತ್ರಿಯೆಲ್ಲಾ ಖಾಲೀನೇ ಇರ್ತದೆ. ಬಾಡಿಗೆಗೆ ಕೊಡ್ತೀಯೇನೋ?"

ಒಪ್ಪಿಗೆ ಕೊಡಬೇಕಾದ ತಾಲ್ಲೂಕಿನ ಅಮಲ್ದಾರರು ಜಾಗ ನೋಡಲು ಬರುವ ದಿನ ಬೆಳಿಗ್ಗೆ ವ್ಯಾಪಾರಿಯ ಆಳುಗಳು ಗೂಟ ಬಡಿದು ದಾರ ಕಟ್ಟಿದರು. ಅವರು ಬುತ್ತಿ ಉಣ್ಣಲು ಹೋದದ್ದೇ ತಡ, ದೊಡ್ಡಮ್ಮ ತನ್ನ ಮೆದೆ ಕಿತ್ತು ರಾಗಿ ಹಾಸಿದಳು. ಪಕ್ಕದ ಮನೆಯ ಅಮ್ಮಯಮ್ಮ ಒಂದು ಹೊರೆ ತಂದಳು, ಆಮೇಲೆ ಮುನಿತಾಯಮ್ಮ, ಆಮೇಲೆ ಬೀದಿಯ ಹೆಂಗಸರೆಲ್ಲ. ನನ್ನದೂ ಎರಡು ಹೊರೆ ಇತ್ತು. ಅಮಲ್ದಾರರು ಗಾಡಿಯಿಂದ ಇಳಿದಾಗ ಗುಂಡು ಸುತ್ತುತ್ತಿತ್ತು. ನೆಟ್ಟಗೆ ನಿಂತ ಗೂಟ ಒಂದೂ ಇರಲಿಲ್ಲ.

"ಎತ್ತು ನಿಲ್ಸಮ್ಮಾ," ಎಂದರು.

"ಹಾಸಿರೋದು ಮುಗೀಲಿ ಸ್ವಾಮಿ. ಈಗ ನಿಲ್ಸಿದ್ರೆ ಕಾಳು ತೆನೇಲೇ ಉಳೀತದೆ."

ಪಟೇಲರು ರೇಗಿದರು. "ಸರ್ಕಾರದೋರಿಗೆ ಎದುರಾಡ್ತೀಯಾ? ಕಟ್ಟಿಹಾಕಿಸ್ತೀನಿ!"

"ಹಾಕ್ಸಿ. ಆಮೇಲೆ ಎತ್ತು ಹೊಡೆಯೋಕೆ ನೀವೇ ಬರ್ಬೇಕಾಗ್ತದೆ."

ಹೆಂಗಸರು ನಕ್ಕುಬಿಟ್ಟರು. ದೊಡ್ಡಮ್ಮ ನಗಲಿಲ್ಲ, ಹಗ್ಗ ಎಳೆದು ಎತ್ತುಗಳನ್ನು ಇನ್ನೊಂದು ಸುತ್ತಿಗೆ ತಿರುಗಿಸಿದಳು. ಎತ್ತು ನಿಲ್ಲಲಿಲ್ಲ.

ಅಮಲ್ದಾರರು ಬಿಸಿಲಲ್ಲೇ ನಿಂತು ನೋಡಿದರು. ಕೊನೆಗೆ ಶಾನುಭೋಗರನ್ನು ಕರೆದು, "ದಫ್ತರದಲ್ಲಿ ಏನಂತ ಇದೆ?" ಎಂದರು.

"ಊರೊಟ್ಟಿನ ಕಣ ಅಂತ," ಶಾನುಭೋಗರು ಪಟೇಲರ ಕಡೆ ನೋಡದೆ ಹೇಳಿದರು.

"ಹಾಗಾದ್ರೆ ಕಣಾನೇ," ಎಂದು ಅಮಲ್ದಾರರು ಗಾಡಿ ಹತ್ತಿದರು.

ಕಾರ್ಖಾನೆ ಬೇರೆ ಊರಿನ ಪಾಲಾಯಿತು, ಸೊಣ್ಣಪ್ಪನ ಕೆಲಸವೂ ಹೋಯಿತು. ಮೂರು ವರ್ಷ ಅವನು ಅಕ್ಕನ ಹೊಸಿಲು ತುಳಿಯಲಿಲ್ಲ, ರಾಗಿಯನ್ನೂ ಕಣಕ್ಕೆ ತರದೆ ಮನೆಯಂಗಳದಲ್ಲೇ ಬಡಿದುಕೊಂಡ. ನಾಲ್ಕನೆಯ ಸುಗ್ಗಿಗೆ ಅವನ ಹೆಂಡತಿ ಮುನಿವೆಂಕಟಮ್ಮ ತಲೆಯ ಮೇಲೆ ಹೊರೆ ಹೊತ್ತು ಬಂದು ಕಣದ ಅಂಚಿನಲ್ಲಿ ನಿಂತಳು.

ದೊಡ್ಡಮ್ಮ ಎತ್ತುಗಳನ್ನು ಒಂದು ಪಕ್ಕಕ್ಕೆ ಹೊಡೆದಳು. "ಮೂಡಗಡೆ ಜಾಗ ಐತೆ, ಹಾಸು," ಎಂದಳು. "ಅವ್ನಿಗೂ ಹೇಳು, ನಿಮ್ ರಾಗಿ ಮೇಲೂ ಗುಂಡು ನಾನೇ ಹೊಡೀತೀನಿ ಅಂತ."