ದೋಣಿಯ ಅಟ್ಟಕ್ಕೆ ಕತ್ತಾಳೆ

ಶ್ರೀನಿವಾಸಪುರದ ನಮ್ಮ ಬೀದಿಯಲ್ಲಿ ಫೈಬರ್ ಸಾಮಾನು ಏನೇ ಒಡೆದರೂ ಬುಡನ್ ಸಾಬರ ಹತ್ತಿರ ಹೋಗುತ್ತದೆ. ನೀರಿನ ಟ್ಯಾಂಕು, ಬಚ್ಚಲಮನೆ ಬಾಗಿಲು, ಒಮ್ಮೆ ಗಣೇಶನ ಸೊಂಡಿಲು ಕೂಡ. ಏನು ತಂದರೂ "ಆಗ್ತದೆ" ಎನ್ನುತ್ತಾರೆ. ಆ ಮಾತು ನಂಬಿ ಮುಳಬಾಗಿಲಿನಿಂದಲೂ ಜನ ಬರುತ್ತಾರೆ.

ಹೋಳೂರಿನ ಕೋದಂಡರಾಮಪ್ಪ, ಕೆರೆ ತುಂಬಿದ ಹುರುಪಿನಲ್ಲಿ ಜನರನ್ನು ಸುತ್ತು ಹೊಡೆಸೋಣವೆಂದು ಹಳೆಯದೊಂದು ಫೈಬರ್ ದೋಣಿ ಕೊಂಡಿದ್ದರು. ಜನ ಕೂರಲು ಅದರ ಮೇಲೆ ಹಾಸಿದ್ದ ಅಟ್ಟ ಕಾಲಿಟ್ಟರೆ ನೆನೆದ ರೊಟ್ಟಿಯಂತೆ ಕುಗ್ಗುತ್ತಿತ್ತು. ಬೋಲ್ಟಿನ ತೂತುಗಳಲ್ಲಿ ನೀರಿಳಿದು, ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್ ಕೊಳೆತಿತ್ತು. ಬುಡನ್ ಸಾಬರು ದೋಣಿ ಹತ್ತಿದವರಲ್ಲ, ಈಜೂ ಬಾರದು. ಆದರೂ ಆಗ್ತದೆ ಎಂದುಬಿಟ್ಟರು.

ಹೆದರಿಕೆ ಆಮೇಲೆ ಶುರುವಾಯಿತು. ಟ್ಯಾಂಕು ಸೋರಿದರೆ ಬೈಸಿಕೊಂಡು ಮತ್ತೆ ಮೆತ್ತಬಹುದು. ಅಟ್ಟ ಕುಸಿದರೆ ಮಕ್ಕಳುಮರಿ ನೀರಿಗೆ ಬೀಳುತ್ತಾರೆ, ತಮ್ಮ ಮಾತೂ ಅಲ್ಲೇ ಮುಳುಗುತ್ತದೆ.

ಒಳಗೆ ಏನು ತುಂಬುವುದು? ನಮ್ಮೂರಲ್ಲಿ ಮಾವಿನ ಹಲಗೆಗೇನೂ ಬರವಿಲ್ಲ. ಆದರೆ ಅದು ಭಾರ, ನೀರೂ ಕುಡಿಯುತ್ತದೆ. ಮೇಲೆ ಭಾರವಾದರೆ ದೋಣಿ ವಾಲುತ್ತದೆ. ಹಗುರವೆಂದು ಥರ್ಮಾಕೋಲ್ ತಂದರು. ಫೈಬರ್ ಕೂರಿಸುವ ರೆಸಿನ್ ಅಂಟು ಬಳಿದು ನಮಾಜಿಗೆ ಹೋಗಿ ಬರುವಷ್ಟರಲ್ಲಿ ಅದು ಕರಗಿ ಗುಂಡಿ ಬಿದ್ದಿತ್ತು.

"ನಿಮ್ಮ ದೋಣಿ ನೀರಿಗಿಂತ ಮೊದ್ಲು ಅಂಟಲ್ಲೇ ಮುಳುಗೋಯ್ತಲ್ರೀ" ಎಂದು ಹೆಂಡತಿ ಕರೀಮುನ್ನೀಸಾ ಬೀದಿಗೆಲ್ಲ ಕೇಳುವಂತೆ ನಕ್ಕರು.

ದೇವರು ದಾರಿಯನ್ನು ಯಾರ ಹೆಗಲ ಮೇಲಿಟ್ಟು ಕಳಿಸುತ್ತಾನೋ ಹೇಳಲಾಗದು. ಯಲ್ದೂರಿನಲ್ಲಿ ಅಕ್ಕಯಮ್ಮನ ಮನೆಯ ಡ್ರಮ್ಮಿಗೆ ತೇಪೆ ಹಾಕುತ್ತಿದ್ದಾಗ, ಆಕೆ ಹೀರೇಕಾಯಿ ಚಪ್ಪರಕ್ಕೆಂದು ಕತ್ತಾಳೆಯ ಒಣ ಹೂಗಂಬಗಳನ್ನು ಹೊತ್ತು ತಂದರು. ಆಳೆತ್ತರಕ್ಕಿಂತ ಉದ್ದದವು ಎರಡು, ಒಂದೇ ಹೆಗಲ ಮೇಲೆ. ಭಾರ ಇಲ್ಲವೇ ಎಂದು ಸಾಬರು ಕೇಳಿದರು.

"ಭಾರ ಏನ್ ಬಂತು? ಚಿಕ್ಕೋಳಿದ್ದಾಗ ಇದನ್ನೇ ಸೊಂಟಕ್ಕೆ ಕಟ್ಕೊಂಡು ಬಾವೀಲಿ ಈಜು ಕಲ್ತಿದ್ದು ಕಣಪ್ಪ."

ಕಂಬಗಳೆರಡೂ ಅವತ್ತೇ ಸಾಬರ ಜೊತೆ ಬಸ್ಸೇರಿದವು. ಸಾಬರು ಅವನ್ನು ಪಟ್ಟಿಯಾಗಿ ಸೀಳಿ, ಒತ್ತೊತ್ತಾಗಿ ಜೋಡಿಸಿ, ಎರಡೂ ಕಡೆ ಫೈಬರ್ ಮ್ಯಾಟು ಹಾಕಿ ರೆಸಿನ್ ಬಳಿದರು. ಒಣಗಿದ ತುಂಡನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ಹೆಂಡತಿಯನ್ನು ಹತ್ತಲು ಕರೆದರು. ಮನೆಯಲ್ಲಿ ತೂಕದವಳು ನಾನೊಬ್ಬಳೇನಾ ಎಂದು ಗೊಣಗಿ ಆಕೆ ಹತ್ತಿ ನಿಂತರು. ಹಲಗೆ ಬಗ್ಗಲಿಲ್ಲ. ಸಾಬರು ಯಲ್ದೂರಿನ ಕತ್ತಾಳೆ ಬೇಲಿಗಳನ್ನೆಲ್ಲ ಸುತ್ತಿ ಇನ್ನಷ್ಟು ಕಂಬ ತಂದು ಅಟ್ಟ ಮುಗಿಸಿದರು. ಬೋಲ್ಟು ಬರುವ ಕಡೆ ಮಾತ್ರ ತೇಗದ ತುಂಡಿಟ್ಟು, ತೂತಿನೊಳಗೂ ರೆಸಿನ್ ಬಳಿದರು.

ದೋಣಿ ನೀರಿಗಿಳಿಯುವ ದಿನ ಕೋದಂಡರಾಮಪ್ಪ ಒಳಗೇನಿದೆ ಎಂದು ಕೇಳಿದರು. ಸಾಬರು ಇದ್ದದ್ದು ಹೇಳಿದರು.

"ಬೇಲಿ ಕಿತ್ತು ದೋಣಿಗೆ ಹಾಕಿದ್ದೀರಾ ಸಾಬ್ರೇ?" ಕೋದಂಡರಾಮಪ್ಪನ ಮುಖ ಸಪ್ಪಗಾಯಿತು. "ಹಂಗಾದ್ರೆ ಮೊದ್ಲು ನೀವೇ ಹತ್ತಿ. ನಡು ಕೆರೇವರ್ಗೂ ಹೋಗಾಣ."

ಸಾಬರು ಬಿಸ್ಮಿಲ್ಲಾ ಎಂದು ಹತ್ತಿದರು. ಕರೀಮುನ್ನೀಸಾ ಹಿಂದೆಯೇ ಹತ್ತಿದರು. ದಡದಲ್ಲಿದ್ದ ನೆಂಟರಿಷ್ಟರೂ ಹತ್ತಿ ಅಟ್ಟದ ಸುತ್ತ ಒತ್ತಾಗಿ ಕೂತರು. ದೋಣಿ ಹೊರಟಿತು. ಕೋದಂಡರಾಮಪ್ಪ ಮಾತ್ರ ಹಿಮ್ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಗುದ್ದಿ ನೋಡುತ್ತಲೇ ಇದ್ದರು. ಸಾಬರು ಅಂಚಿನ ಕಂಬಿ ಹಿಡಿದು, ಕಣ್ಣು ಮುಚ್ಚಿ, ಗೊತ್ತಿದ್ದ ದುವಾಗಳನ್ನೆಲ್ಲ ಹೇಳಿಕೊಂಡರು.

ಗುದ್ದುವ ಸದ್ದು ನಿಂತಿತು. ಹೆದರುತ್ತಲೇ ಕಣ್ಣು ಬಿಟ್ಟರೆ, ಕೋದಂಡರಾಮಪ್ಪ ಟವೆಲ್ ಸುತ್ತಿ ತಲೆದಿಂಬು ಮಾಡಿಕೊಂಡು, ಅಟ್ಟದ ನಟ್ಟನಡುವೆ ಕಾಲು ಚಾಚಿ ಮಲಗಿದ್ದರು.