ಕುಂಟುವ ತಾಳ

ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿದವರು ಅವರು. ಮದುವೆ ಕರೆಯೋಲೆ ಕೊಟ್ಟರೂ ಮೊದಲು ಒತ್ತಕ್ಷರ ನೋಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಕಾಗುಣಿತಮ್ಮ. ನಿವೃತ್ತರಾದ ಮೇಲೆ ಪಿಟೀಲು ಕಲಿಯಲು ಹೊರಟರು. ಬೆರಳು ಒಗ್ಗಿತು. ತಾಳ ಮಾತ್ರ ಬಾಲಕ್ಕೆ ಬೆಂಕಿ ಬಿದ್ದಂತೆ ಓಡುತ್ತಿತ್ತು.

“ತಾಳ ಹಿಡಿಯೋಕೆ ಫೋನಿನದು ಬೇಡಮ್ಮ, ಟಿಕ್ ಟಕ್ ಅಂತ ತಾಳ ಹೊಡೆಯೋ, ಕೀಲಿ ಕೊಡೋ ಮೆಟ್ರೊನೋಮ್ ತಗೊಳ್ಳಿ. ಕಡ್ಡಿ ಆಡೋದು ಕಣ್ಣಿಗೂ ಕಾಣ್ಬೇಕು,” ಎಂದರು ಪಿಟೀಲು ಮೇಷ್ಟ್ರು.

ಗಡಿಯಾರ ರಿಪೇರಿಯಾತ ಮೂರನ್ನು ತೆಗೆದಿಟ್ಟ. ಒಂದರ ಪ್ಲಾಸ್ಟಿಕ್ ಪೆಟ್ಟಿಗೆ ಸದ್ದನ್ನೇ ನುಂಗುತ್ತಿತ್ತು. ಇನ್ನೊಂದು ನಾಲ್ಕೇ ನಿಮಿಷಕ್ಕೆ ಸುಸ್ತಾಯಿತು. ಉಳಿದದ್ದು ಮರದ್ದು.

“ಕಣ್ಣು ಮುಚ್ಚಿ ಕೇಳಿ. ಎಡಕ್ಕೂ ಬಲಕ್ಕೂ ಹೊಡೆತ ಸಮ ಇರ್ಬೇಕು. ಒಂದು ಉದ್ದ, ಒಂದು ಗಿಡ್ಡ ಬಂದ್ರೆ ಕುಂಟು ಅಂತ್ಲೇ ಲೆಕ್ಕ.”

ಕರಡು ನೋಡುವಷ್ಟೇ ಶ್ರದ್ಧೆಯಿಂದ ಕಾಲು ಗಂಟೆ ಕೇಳಿದರು. ಒಂದೂ ತಪ್ಪಿಲ್ಲ. ಕೊಂಡರು.

ಮಧ್ಯಾಹ್ನ ಮನೆಯ ಹಿಂದಿನ ಕೋಣೆಯ ಮೇಜಿನ ಮೇಲಿಟ್ಟು ಕೀಲಿ ಕೊಟ್ಟರು. ಟಿಕ್... ಟಕ್‌ಟಿಕ್... ಟಕ್‌ಟಿಕ್. ಕುಂಟುತ್ತಿತ್ತು. ಹಜಾರಕ್ಕೆ ತಂದರೆ ನೆಟ್ಟಗೆ; ಅಡುಗೆಮನೆಯಲ್ಲೂ ನೆಟ್ಟಗೆ. ಮತ್ತೆ ಹಿಂದಿನ ಕೋಣೆಗೆ ಒಯ್ದರೆ ಅದೇ ಕುಂಟು.

ಆ ನಡಿಗೆ ಅವರಿಗೆ ಗೊತ್ತಿತ್ತು. ಅದು ಅಕ್ಕನ ಕೋಣೆ. ಅಕ್ಕನ ಬಲಗಾಲು ಹುಟ್ಟಿನಿಂದಲೇ ಗಿಡ್ಡ. ಕೊನೆಯ ಮೂರು ವರ್ಷ ಹಾಸಿಗೆ ಹಿಡಿದು, ಹೋದ ವರ್ಷ ತೀರಿಕೊಂಡಿದ್ದಳು.

ಮರುದಿನ ಕರೆಸಿದಾಗ ರಿಪೇರಿಯಾತ ರಸಮಟ್ಟ ಹಿಡಿದು ಬಂದ. ಮೇಜಿನ ಮೇಲಿಟ್ಟರೆ ಗುಳ್ಳೆ ಸರಿಯಾಗಿ ನಡುವೆ ನಿಂತಿತು. “ಮೇಜು ಸಮ ಇದೆಯಲ್ಲಮ್ಮ,” ಎನ್ನುತ್ತಲೇ, ಯಾರಿಗೋ ದಾರಿ ಬಿಡುವವನಂತೆ ಗೋಡೆಗೆ ಒತ್ತಿ ನಿಂತ.

“ಯಾಕೆ ಸರಿದ್ರಿ?”

“ನಾನಾ? ಸರಿದ್ನಾ?”

ತಂದಿಟ್ಟ ನೀರನ್ನೂ ಕುಡಿಯದೆ ಹೊರಟುಬಿಟ್ಟ.

ಕಾಗುಣಿತಮ್ಮ ಅಲ್ಲೇ ಅಭ್ಯಾಸಕ್ಕೆ ಕೂತರು. ಆ ತಡವಾದ ಹೆಜ್ಜೆಗಾಗಿ ಕಮಾನು ಕಾಯಲೇಬೇಕಿತ್ತು. ತಿಂಗಳೊಪ್ಪತ್ತಿನಲ್ಲಿ ಓಟ ನಿಂತಿತು. ಮೇಷ್ಟ್ರಿಗೆ ಖುಷಿ. ಆದರೆ ಒಂದು ದಿನ ಕೇಳಿದರು: “ಕಾಲಿಗೇನಾಯ್ತಮ್ಮ? ಮೆಟ್ಟಿಲು ಹತ್ತುವಾಗ ಬಲಗಾಲು ಎಳೀತಿದ್ರಲ್ಲ?”

ಡಾಕ್ಟರು ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಏನೂ ಇಲ್ಲ. ಅಂದೇ ಕಾಗುಣಿತಮ್ಮ ಅಕ್ಕನ ಕೋಣೆಗೆ ಚಿಲಕ ಹಾಕಿ, ಮೆಟ್ರೊನೋಮನ್ನು ಅಡುಗೆಮನೆಗೆ ತಂದರು. ಹದಿನೈದು ದಿನದಲ್ಲಿ ಕಾಲು ಸರಿಹೋಯಿತು. ತಾಳ ಮತ್ತೆ ಓಡತೊಡಗಿತು. ಚಿಲಕದ ಹಿಂದೆ ಮಾತ್ರ ಉಸಿರು ಬಿಗಿಹಿಡಿದಂಥ ಮೌನ. ಹೆಜ್ಜೆಗಿಂತ ಅದೇ ಹೆಚ್ಚು ಕಾಡಿತು.

ಹದಿನಾರನೆಯ ದಿನ ತಡೆಯಲಾಗಲಿಲ್ಲ. ಬಾಗಿಲು ತೆಗೆದು, ಮೆಟ್ರೊನೋಮನ್ನು ಮೇಜಿನ ಮೇಲಿಟ್ಟು, ಕೀಲಿ ಪೂರ್ತಿ ತಿರುಗಿಸಿದರು. “ಬಾರೇ ಅಕ್ಕಾ, ಹೆದರಿಬಿಟ್ಟಿದ್ದೆ,” ಎಂದರು.

ಟಿಕ್, ಟಕ್, ಟಿಕ್, ಟಕ್. ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಮೇಜನ್ನು ಎಳೆದರು, ಕಾಲಿಗೆ ರಟ್ಟು ತುರುಕಿ ಓರೆ ಮಾಡಿದರು. ಹೊಡೆತ ಸೊಟ್ಟಗಾಯಿತೇ ಹೊರತು ಅಕ್ಕನ ಆ ನಡಿಗೆ ಬರಲಿಲ್ಲ. ಕೀಲಿ ಮುಗಿಯುವವರೆಗೂ ನೆಲದ ಮೇಲೆ ಕೂತು ಅತ್ತರು.

ಈಗ ಅವರು ನುಡಿಸುವಾಗ ಎರಡನೆಯ ಹೊಡೆತ ಕೊಂಚ ತಡ. “ಯಾರಿಗಮ್ಮ ಕಾಯ್ತೀರಿ?” ಎಂದು ಮೇಷ್ಟ್ರು ಗದರುತ್ತಾರೆ.