ಮರದ ಚರ್ಚಿನ ತಾತ

ತಾತನ ಬಲಗೈ ನಡುಬೆರಳಿನ ಗೆಣ್ಣು ಹುಣಸೆಬೀಜದ ಹಾಗೆ ಕಪ್ಪಗೆ ಜಡ್ಡುಗಟ್ಟಿತ್ತು. ಶನಿವಾರ ಬಂತೆಂದರೆ ನಮ್ಮ ಬೀದಿಯ ಮರದ ಚರ್ಚಿನ ಒಂದೊಂದು ಕಂಬವನ್ನೂ ಆ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದರು. "ಚೆನ್ನಾಗವ್ನೆ" ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನ ಕಂಬಕ್ಕೆ ಹೋಗುತ್ತಿದ್ದರು.

ಬೀದಿಯವರೆಲ್ಲ ತಾತ ಎಂದೇ ಕರೆಯುತ್ತಿದ್ದ ಅವರು ಪಾದ್ರಿಯಲ್ಲ, ಚರ್ಚನ್ನು ನೋಡಿಕೊಳ್ಳುವವರು. ಅವರ ಅಜ್ಜನ ಕಾಲದ ಕ್ರೈಸ್ತ ಸಭೆಯವರೂ ನಮ್ಮೂರ ಆಚಾರಿಗಳೂ ಸೇರಿ ಕಟ್ಟಿದ ಚರ್ಚು ಅದು. ಕಂಬ, ತೊಲೆ, ಗೋಡೆಯ ಹಲಗೆ ಎಲ್ಲವೂ ಮರ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಎಲ್ಲೂ ನಾನು ಅಂಥದ್ದು ಇನ್ನೊಂದನ್ನು ನೋಡಿಲ್ಲ. ಆಚಾರಿಗಳು ಕೈ ಸುಮ್ಮನಿರಲಾರದೆ ಬಾಗಿಲ ಮೇಲೆ ಒಂದು ಜೋಡಿ ಗಿಳಿ, ನಡುವೆ ಕಮಲ ಕೆತ್ತಿಬಿಟ್ಟಿದ್ದರು. ಯಾರಾದರೂ ಕೇಳಿದರೆ ತಾತ, "ಯೇಸಪ್ಪ ಇದುವರ್ಗೂ ಬೇಜಾರು ಮಾಡ್ಕೊಂಡಿಲ್ಲ, ನಿಮಗ್ಯಾಕೆ?" ಎನ್ನುತ್ತಿದ್ದರು.

ನಮ್ಮದು ಆ ಸಭೆಗೆ ಸೇರಿದ ಮನೆಯಲ್ಲ, ರೇಷ್ಮೆ ಸಾಕುವ ಮನೆ. ಹುಳು ನಾಲ್ಕನೇ ಸಲ ಪೊರೆ ಬಿಟ್ಟು, ನಮ್ಮ ಮಾತಲ್ಲಿ ನಾಲ್ಕನೇ ಜ್ವರದಿಂದ ಎದ್ದವೆಂದರೆ ಅಡುಗೆಮನೆ ಬಾಗಿಲವರೆಗೂ ತಟ್ಟೆಗಳು. ಮನುಷ್ಯರು ಕಾಲಿಡಲು ಜಾಗ ಹುಡುಕಬೇಕು. ಹತ್ತನೇ ತರಗತಿಯ ವರ್ಷ ಪುಸ್ತಕ ಹಿಡಿದು ಜಗುಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ತಾತ ನೋಡಿದರು.

"ಏಮ್ಮಾ, ಹುಳ ನಿನ್ನ ಮನೆಯಿಂದ ಓಡಿಸಿಬಿಟ್ಟವಾ? ಬಾ, ನಮ್ ಬೆಂಚೆಲ್ಲಾ ಭಾನುವಾರದವರ್ಗೂ ಖಾಲಿ ಕಣಮ್ಮ."

ಪಿಯುಸಿ ಮುಗಿಯುವವರೆಗೆ ಆ ಬೆಂಚಿನ ಮೇಲೆಯೇ ಓದಿದೆ. ಮಧ್ಯಾಹ್ನದ ಬಿಸಿಲಿಗೆ ಹಲಗೆಗಳು ಸಣ್ಣಗೆ ಸದ್ದು ಮಾಡಿದರೆ, "ಮೈ ಮುರೀತವ್ನೆ, ನೀನು ಓದ್ಕೋ" ಎನ್ನುತ್ತಿದ್ದರು. ಇವತ್ತು ನಾನು ಟೀಚರ್ ಆಗಿದ್ದರೆ ಅದು ಆ ಜಾಗದ ಪುಣ್ಯ.

ಶುಭ ಶುಕ್ರವಾರಕ್ಕೆ ಮುಂಚಿನ ವಾರ ಆ ಮರಕ್ಕೆಲ್ಲ ಹೊಂಗೆ ಎಣ್ಣೆ ತಿಕ್ಕುವುದು ನಮ್ಮೂರ ಪದ್ಧತಿ. ಸಭೆಯವರಷ್ಟೇ ಅಲ್ಲ, ಬೀದಿಯವರೆಲ್ಲ ಒಂದೊಂದು ಚೊಂಬು ತರುತ್ತಿದ್ದರು. ನಮ್ಮಮ್ಮನೂ ಹೊಲದ ಬದುವಿನ ಹೊಂಗೆಮರದ ಬೀಜ ಗಾಣಕ್ಕೆ ಹಾಕಿಸಿ ಕಳಿಸುತ್ತಿದ್ದಳು. ಸಾಬರ ಮನೆಯ ಹುಡುಗರು ಏಣಿ ಹತ್ತಿ ತೊಲೆ ತಿಕ್ಕುತ್ತಿದ್ದರು. "ಮರಕ್ಕೆ ಕುಡಿಸಬೇಕು, ಉಡಿಸಬಾರದು" ಎಂದು ತಾತ ಎಲ್ಲರಿಗೂ ಹೇಳುತ್ತಿದ್ದರು. ನನಗೂ ಹೇಳಿದ್ದರು. ಮಾತು ಚೆಂದವೆಂದು ನಕ್ಕಿದ್ದೆನೇ ಹೊರತು ಅರ್ಥ ಮಾಡಿಕೊಂಡಿರಲಿಲ್ಲ.

ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ ಚಿಂತಾಮಣಿಯಿಂದ ಹೊಳೆಯುವ ಕಂದು ಪೇಂಟಿನ ಡಬ್ಬಗಳನ್ನು ಆಟೋದಲ್ಲಿ ಹಾಕಿಕೊಂಡು ತಾತನ ಮನೆಗೆ ಹೋದೆ. ಹಳೇ ಚರ್ಚು ಹೊಸದರ ಹಾಗೆ ಮಿಂಚಬೇಕೆಂಬುದು ನನ್ನ ಆಸೆ. ತಾತ ಬಹಳ ಹೊತ್ತು ಡಬ್ಬ ಸವರುತ್ತ ಕೂತರು.

"ಮೊದಲ್ನೇ ಸಂಬಳದ್ದಾ?"

"ಹೂಂ ತಾತ. ನಾನು ಕೊಟ್ಟೆ ಅಂತ ಮಾತ್ರ ಯಾರಿಗೂ ಹೇಳ್ಬೇಡಿ."

ದೊಡ್ಡ ಮನಸ್ಸಿನವಳೆಂದು ನನಗೆ ನಾನೇ ಬೀಗಿದ್ದೆ. ತಾತ ಬೇಡವೆನ್ನಲಿಲ್ಲ. ಆ ವರ್ಷ ಎಣ್ಣೆಯ ಪದರವನ್ನೆಲ್ಲ ಉಜ್ಜಿ ತೆಗೆದು ತಾವೇ ನಿಂತು ಬಣ್ಣ ಹೊಡೆಸಿದರು. ಜನ ಮೊಬೈಲಿನಲ್ಲಿ ಫೋಟೊ ತೆಗೆದರು. ಮರುವರ್ಷದಿಂದ ಯಾರೂ ಎಣ್ಣೆ ತರಲಿಲ್ಲ.

ನಾಲ್ಕು ಮಳೆಗಾಲ ಕಳೆಯಿತು. ಬಣ್ಣ ಹೊರಗೆ ಹೊಳೆಯುತ್ತಲೇ ಇತ್ತು. ಬಿರುಕುಗಳಿಂದ ಇಳಿದ ನೀರು ಮಾತ್ರ ಆರಲು ದಾರಿಯಿಲ್ಲದೆ ಒಳಗೇ ಉಳಿದು, ಕಂಬಗಳ ಬುಡ ಬೆಂದ ಗೆಣಸಿನ ಹಾಗೆ ಮೆತ್ತಗಾಗಿತ್ತು. ನೋಡಲು ಬಂದ ಎಂಜಿನಿಯರು, ಇಷ್ಟು ವರ್ಷ ನಿಂತದ್ದು ಎಣ್ಣೆಯಿಂದ, ಕೊಳೆತದ್ದು ಬಣ್ಣದಿಂದ, ಇನ್ನು ಉಳಿಸಲಾಗದು ಎಂದು ಹೇಳಿ ಹೋದರು.

ಬಿಚ್ಚಿಹಾಕುವ ಮುಂಚೆ ಸಭೆಯವರು ಬೀದಿಯವರನ್ನೆಲ್ಲ ಕರೆದು ಕೂರಿಸಿದರು. ನಾನೂ ಹೋಗಿದ್ದೆ. "ಬಣ್ಣ ಯಾರ ಬುದ್ಧಿ?" ಎಂದು ಹಿರಿಯರೊಬ್ಬರು ಗದರಿದರು. ತಾತ ಎದ್ದು ನಿಂತರು.

"ನಂದೇ. ಮುದುಕನಿಗೆ ಹೊಳಪು ನೋಡೋ ಆಸೆ ಬಂದಿತ್ತು."

ಮೂರು ತಲೆಮಾರಿನವರು ಉಳಿಸಿದ್ದನ್ನು ನೀನು ಹಾಳುಮಾಡಿದೆ ಎಂದು ಎಲ್ಲರೂ ಬಾಯಿಗೆ ಬಂದಂತೆ ಬೈದರು. ತಾತ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನಾನು ಹಿಂದಿನ ಸಾಲಿಗೆ ಸರಿದು ಕೂತೆ. ಊರು ಏನೆನ್ನುತ್ತದೋ ಎಂಬ ಹೆದರಿಕೆ. ಆಮೇಲೆ ನಾನು ಹೊರಗೆ ಸಿಕ್ಕಿ ಅತ್ತಾಗ, "ಬೇಡ ಅನ್ನೋದು ನನ್ನ ಕೆಲ್ಸ ಆಗಿತ್ತು ಕಣಮ್ಮ. ನಿನ್ನ ಮುಖ ನೋಡಿ ಅನ್ನಕ್ಕಾಗ್ಲಿಲ್ಲ" ಎಂದಷ್ಟೇ ಹೇಳಿದರು.

ಚರ್ಚು ಬಿಚ್ಚಿದ ಮೇಲೆ ತಾತ ಆ ಬೀದಿಗೆ ಬರುವುದನ್ನೇ ಬಿಟ್ಟರು. ವರ್ಷ ತುಂಬುವ ಮೊದಲೇ ತೀರಿಕೊಂಡರು. ಮಣ್ಣು ಹಾಕಿ ಎಲ್ಲರೂ ಕೈತೊಳೆಯುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಹೆಂಗಸು, "ಬಂಗಾರದಂಥ ಮನುಷ್ಯ. ಆ ಬಣ್ಣ ಒಂದು ಬಳೀದೇ ಇದ್ದಿದ್ರೆ ಯಾರೂ ಒಂದು ಮಾತು ಅನ್ನಂಗಿರಲಿಲ್ಲ, ಅಲ್ವಾ ಟೀಚರಮ್ಮ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.